ವಿಜಯಪುರದಲ್ಲಿ ಒಂದು ರಾತ್ರಿ, ಒಂದು ಹಗಲು

ನಮ್ಮ ಮನೆಗಳ ಹೆಂಗಸರು ಪ್ರಯಾಣ ಮಾಡುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮದುವೆಗೆ ಹೋಗುತ್ತೇವೆ, ಮಯ್ಯತ್ತಿಗೆ ಹೋಗುತ್ತೇವೆ, ಬಾಣಂತಿಯನ್ನು ನೋಡಲು ಹೋಗುತ್ತೇವೆ. ನಮ್ಮ ಕಡೆಯವರಾದರೆ ಆಸ್ಪತ್ರೆಗೆಂದು ಸೊಲ್ಲಾಪುರಕ್ಕೆ, ಬಟ್ಟೆಗೆಂದು ಹೈದರಾಬಾದಿಗೆ, ಹರಕೆಯೆಂದು ಕಲಬುರಗಿಯ ಖ್ವಾಜಾ ಬಂದೇ ನವಾಝ್ ದರ್ಗಾಕ್ಕೆ ಹೋಗುವವರೂ ಇದ್ದಾರೆ. ಆದರೆ ಸಹೋದರಿಯರೇ, ಒಂದು ಊರನ್ನು ಸುಮ್ಮನೆ ನೋಡಿಕೊಂಡು ಬರೋಣ ಎಂದು ಎಷ್ಟು ಮಂದಿ ಹೊರಟಿದ್ದೀರಿ? ಕೆಲಸವಿಲ್ಲ, ಕಾರ್ಯವಿಲ್ಲ, ರೋಗಿಯಿಲ್ಲ, ವಧುವಿಲ್ಲ, ಬರೀ ನೋಡುವುದಕ್ಕೆ? ನಾನು ನಲ್ವತ್ತೈದು ವರ್ಷ ಹಾಗೆ ಹೊರಟವಳಲ್ಲ. 2024ರ ಡಿಸೆಂಬರಿನಲ್ಲಿ ಹೊರಟೆ. ಅದರ ಸುಖವನ್ನೂ ಪಾಡನ್ನೂ ನಿಮಗೆ ಹೇಳಬೇಕಾಗಿದೆ. ಪಾಡೆಲ್ಲ ಬಂದದ್ದು ಲಾಡ್ಜಿನಿಂದ.

ಹೊರಟದ್ದು ನನ್ನ ಅಮ್ಮಿಗಾಗಿ. ಅವರಿಗೆ ಎಪ್ಪತ್ತು ದಾಟಿದೆ. ಚಿಕ್ಕಂದಿನಲ್ಲಿ ಉರ್ದು ಶಾಲೆಯಲ್ಲಿ ಮೂರನೆಯ ತರಗತಿಯವರೆಗೆ ಓದಿದ್ದರು. ಆ ವರ್ಷದ ಪುಸ್ತಕದಲ್ಲಿ ಗೋಲ್ ಗುಂಬಜಿನ ಚಿತ್ರವಿತ್ತಂತೆ. ಪಾಠ ಅಲ್ಲಿಗೆ ಬರುವ ಮೊದಲೇ ಶಾಲೆ ಬಿಡಿಸಿದರು. ಅಂದಿನಿಂದ ಆ ಗುಮ್ಮಟ ಅವರ ತಲೆಯಲ್ಲಿ ಹಾಗೆಯೇ ಕುಳಿತಿತ್ತು. ಒಂದು ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು, ಇನ್ನೊಂದು ಜನವರಿಯಲ್ಲಿ ಆಗಬೇಕಿತ್ತು. "ಅದಕ್ಕೆ ಮೊದಲು ಒಮ್ಮೆ ತೋರಿಸು ಬೇಟಾ, ಆಪರೇಷನ್ ಏನಾಗುತ್ತದೋ ಅಲ್ಲಾಹನೇ ಬಲ್ಲ" ಎಂದರು. ತಾಯಿ ಹಾಗೆ ಕೇಳಿದ ಮೇಲೆ ರಜೆ ಹಾಕದೆ ಇರಲು ಸಾಧ್ಯವೇ?

ನಾವು ಐವರು. ಅಮ್ಮಿ, ನಾನು, ಮದುವೆಯಾಗದ ನನ್ನ ನಾದಿನಿ, ಹದಿಮೂರರ ಮಗಳು, ಹದಿನಾರರ ಮಗ. ಯಜಮಾನರು ಸೌದಿಯಲ್ಲಿ ಚಾಲಕರು. ಫೋನಿನಲ್ಲಿ ಕೇಳಿದಾಗ, "ಹುಡುಗ ಇದ್ದಾನಲ್ಲ, ಹೋಗಿ ಬನ್ನಿ" ಎಂದರು. ಹುಡುಗ ಇದ್ದ. ನನಗೆ ಮಗ, ಅಮ್ಮಿಗೆ ಮೊಮ್ಮಗ, ನಾದಿನಿಗೆ ಅಣ್ಣನ ಮಗ, ತಂಗಿಗೆ ಅಣ್ಣ. ಮದ್ರಸದಲ್ಲಿ ಓದುವಾಗ ನಾವು ಕಲಿತ ಫಿಕ್ಹ್ ಪಾಠದ ಉದಾಹರಣೆಯಂತೆ ನಾಲ್ವರಿಗೂ ಅವನೇ ಮಹ್ರಮ್. ಇದಕ್ಕಿಂತ ಅಚ್ಚುಕಟ್ಟಾದ ಪ್ರಯಾಣ ಉಂಟೇ ಎಂದುಕೊಂಡು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟೊಡನೆ ಹುಡಗಿಯಿಂದ ಹೊರಟೆವು.

ನಮ್ಮ ಹುಡಗಿ ಹುಮನಾಬಾದ್ ತಾಲೂಕಿನಲ್ಲಿ, ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯ ಮೇಲಿದೆ. ಹುಮನಾಬಾದಿನಲ್ಲಿ ಬಸ್ ಹಿಡಿದು ಕಲಬುರಗಿ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಜೇವರ್ಗಿ, ಸಿಂದಗಿ ದಾಟಿ ವಿಜಯಪುರ. ಒಟ್ಟು ಇನ್ನೂರು ಕಿಲೋಮೀಟರಿಗೂ ಹೆಚ್ಚು ದಾರಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟಿನ ಖರ್ಚಿಲ್ಲವೆಂದು ನಿಮಗೆ ಗೊತ್ತೇ ಇದೆ. ಆಧಾರ್ ತೋರಿಸಿದರೆ ಕಂಡಕ್ಟರ್ ಶೂನ್ಯ ಮೊತ್ತದ ಟಿಕೆಟ್ ಹರಿದು ಕೊಡುತ್ತಾನೆ. ಹೀಗಾಗಿ ನಮ್ಮ ನಾಲ್ವರಿಗೆ ಟಿಕೆಟ್ ಇಲ್ಲ, ಮಗನಿಗೆ ಮಾತ್ರ ಫುಲ್ ಟಿಕೆಟ್. "ನೋಡಿದೆಯಾ ನಾನಿ, ಈ ಬಸ್ಸಿನಲ್ಲಿ ನಾನೊಬ್ಬನೇ ದೊಡ್ಡ ಮನುಷ್ಯ" ಎಂದು ಅವನು ಬೀಗಿದ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ವಿಜಯಪುರದ ನಿಲ್ದಾಣದಲ್ಲಿ ಇಳಿಯುವಾಗ ರಾತ್ರಿ ಎಂಟೂವರೆ. ಚಳಿ. ನಾನು ನಾಲ್ಕು ದಿನ ಮುಂಚೆಯೇ ಒಂದು ಲಾಡ್ಜಿಗೆ ಫೋನ್ ಮಾಡಿ, ಐದು ಜನ, ನೆಲ ಅಂತಸ್ತು, ಬಿಸಿನೀರು ಎಲ್ಲವನ್ನೂ ಕೇಳಿ ಕೋಣೆ ಹೇಳಿಟ್ಟಿದ್ದೆ. ಕೌಂಟರಿನಲ್ಲಿದ್ದ ವ್ಯಕ್ತಿ ಮೊದಲು ನಮ್ಮ ಬುರ್ಖಾ ನೋಡಿದ, ಆಮೇಲೆ ನಮ್ಮ ಹಿಂದೆ ಬಾಗಿಲ ಕಡೆಗೆ ನೋಡಿದ. ಮತ್ತೆ ಯಾರೂ ಬರಲಿಲ್ಲ.

"ಗಂಡಸರು ಯಾರಿದ್ದಾರೆ?"

ಮಗ ಮುಂದೆ ಬಂದು ನಿಂತ. ಆಧಾರ್ ಕೊಟ್ಟ. ಆತ ಹುಟ್ಟಿದ ವರ್ಷ ಲೆಕ್ಕ ಹಾಕಿ ಕಾರ್ಡನ್ನು ಹಿಂದಕ್ಕೆ ತಳ್ಳಿದ. "ಇವನು ಮೈನರ್. ಇವನ ಹೆಸರಲ್ಲಿ ರೂಮ್ ಕೊಡಲಿಕ್ಕೆ ಆಗೋದಿಲ್ಲ." ನನ್ನ ಹೆಸರಲ್ಲಿ ಕೊಡಿ ಎಂದೆ. "ಲೇಡೀಸ್ ಮಾತ್ರ ಇದ್ದರೆ ಕೊಡೋದಿಲ್ಲ." ಫೋನಿನಲ್ಲಿ ಒಪ್ಪಿದ್ದಿರಲ್ಲ ಎಂದರೆ, "ಫೋನಿನಲ್ಲಿ ಫ್ಯಾಮಿಲಿ ಅಂದಿರಿ." ನಾವು ಫ್ಯಾಮಿಲಿಯೇ ಎಂದೆ. ಅಜ್ಜಿಯಿಂದ ಮೊಮ್ಮಗಳವರೆಗೆ ಮೂರು ತಲೆಮಾರು ಅವರ ಕೌಂಟರಿನ ಮುಂದೆ ನಿಂತಿತ್ತು. ಅದು ಫ್ಯಾಮಿಲಿಯಲ್ಲವಾದರೆ ಮತ್ತೇನು? ಆತ ತಲೆ ಅಲ್ಲಾಡಿಸಿ, ರೂಮ್ ಖಾಲಿಯೇ ಇಲ್ಲ ಎಂದುಬಿಟ್ಟ. ಅವನ ಬೆನ್ನ ಹಿಂದಿನ ಹಲಗೆಯಲ್ಲಿ ಆರೇಳು ಬೀಗದ ಕೈಗಳು ನೇತಾಡುತ್ತಿದ್ದವು.

ಎರಡನೆಯ ಲಾಡ್ಜಿನಲ್ಲಿ ಮಾತು ಇಷ್ಟು ಒರಟಾಗಿರಲಿಲ್ಲ. ಕುಳ್ಳಿರಿಸಿದರು, ನೀರು ಕೊಟ್ಟರು. ನನ್ನ ಆಧಾರ್ ನೋಡಿ, "ಊರು ಹುಡಗಿ ಅಂತ ಇದೆಯಲ್ಲ ಮೇಡಂ!" ಎಂದು ನಕ್ಕರು. ನಮ್ಮೂರಿನ ಹೆಸರು ಕೇಳಿ ನಗುವವರು ಹೊಸಬರಲ್ಲ, ನಾವೂ ನಕ್ಕೆವು. ಆಮೇಲೆ ಮ್ಯಾನೇಜರ್ ಮೆಲ್ಲಗೆ, "ನಿಮ್ಮ ಯಜಮಾನರಿಗೆ ಫೋನ್ ಹಚ್ಚಿ ಕೊಡಿ. ಅವರು ಒಂದು ಮಾತು ಹೇಳಲಿ, ರೂಮ್ ಕೊಡುತ್ತೇವೆ" ಎಂದರು. ನಾದಿನಿ ಫೋನ್ ತೆಗೆದೇಬಿಟ್ಟಳು, ಅವಳಿಗೆ ನಿದ್ದೆ ಬಂದಿತ್ತು. ಇಲ್ಲಿಯವರೆಗೆ ಬಾಯಿ ತೆರೆಯದ ಅಮ್ಮಿ ಎದ್ದು ನಿಂತರು. "ನನ್ನ ಮಗಳು ಇಪ್ಪತ್ತು ವರ್ಷದಿಂದ ಊರಿನ ಮಕ್ಕಳ ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕುತ್ತಾಳೆ. ಇವಳ ಸಹಿ ಸಾಲದೆಂದರೆ ಅಳಿಯನ ಧ್ವನಿ ಯಾಕೆ ಬೇಕು? ನಡಿ" ಎಂದರು. ಮೂರನೆಯ ತರಗತಿ ಬಿಟ್ಟ ಹೆಂಗಸಿನ ಮಾತು ಅದು. ಆಲಿಮಾ ಓದಿ, ಅದರ ಮೇಲೆ ಬಿ.ಎ. ಕಟ್ಟಿ ಪಾಸು ಮಾಡಿದ ನನಗೆ ಹೊಳೆಯದ ಮಾತು.

ರಸ್ತೆಗೆ ಇಳಿದಾಗ ಮಗಳು ನನ್ನ ಬುರ್ಖಾದ ತೋಳು ಹಿಡಿದು ಕೇಳಿದಳು: "ಅಮ್ಮಿ, ನಾವೇನು ಮಾಡಿದ್ದೇವೆ?" ಉತ್ತರ ಕೊಡಬೇಕಾಗಿತ್ತು. ಏನೂ ಮಾಡಿಲ್ಲ, ಇವರಿಗೆ ಹೆಂಗಸರನ್ನು ಕಂಡರೆ ಪೊಲೀಸರ ಭಯ ಎಂದೆ. ಇಲ್ಲಿ ಒಂದು ವಿಷಯವನ್ನು ನೀವು ತಿಳಿದಿರಬೇಕು. ತಂಗುವವರ ಗುರುತಿನ ಚೀಟಿ ನೋಡಬೇಕು, ರಿಜಿಸ್ಟರಿನಲ್ಲಿ ಬರೆದುಕೊಳ್ಳಬೇಕು ಎಂದು ಲಾಡ್ಜುಗಳಿಗೆ ಪೊಲೀಸರ ಸೂಚನೆ ಇರುತ್ತದೆ, ಅದು ಸರಿಯೂ ಹೌದು. ಆದರೆ ಹೆಂಗಸಿನ ಜೊತೆಗೆ ಗಂಡಸು ಇರಲೇಬೇಕು ಎಂಬ ಕಾನೂನು ಇಲ್ಲ. ಅದು ಕೌಂಟರಿನ ಹಿಂದೆ ಕುಳಿತವರು ತಾವೇ ಮಾಡಿಕೊಂಡ ಕಾಯ್ದೆ.

ನಾದಿನಿಗೆ ಈ ಉತ್ತರ ಒಪ್ಪಿಗೆಯಾಗಲಿಲ್ಲ. "ಭಾಬಿ, ಅವನು ಮೊದಲು ನೋಡಿದ್ದು ನಮ್ಮ ಬುರ್ಖಾವನ್ನು" ಎಂದಳು. ಇಬ್ಬರೂ ವಾದ ಮಾಡುತ್ತಲೇ ಮೂರನೆಯ ಲಾಡ್ಜಿಗೆ ಹೋದೆವು.

ಅಲ್ಲಿ ಮಂಕಿ ಟೋಪಿ ಹಾಕಿಕೊಂಡ ಮುದುಕರೊಬ್ಬರು ಕುಳಿತಿದ್ದರು. ಯಾರು, ಎತ್ತ ಎಂದು ಕೇಳಲಿಲ್ಲ. ಐದು ಆಧಾರ್ ಜೆರಾಕ್ಸ್ ಇಟ್ಟುಕೊಂಡು, ಸಾವಿರದ ಇನ್ನೂರು ರೂಪಾಯಿ ತೆಗೆದುಕೊಂಡು, ರಸೀದಿ ಬರೆದು ಕೊಟ್ಟರು. ನನಗೆ ಅವರ ಕೈಗೆ ಮುತ್ತಿಡುವಷ್ಟು ಸಂತೋಷವಾಯಿತು. ಕೋಣೆ ನೋಡುವವರೆಗೆ.

ಎರಡನೆಯ ಅಂತಸ್ತು, ಲಿಫ್ಟ್ ಇಲ್ಲ. ಅಮ್ಮಿ ಮಂಡಿ ಹಿಡಿದುಕೊಂಡು ಹತ್ತಿದರು. ಎರಡು ಮಂಚ, ನೆಲಕ್ಕೆ ಹಾಸಲು ಒಂದು ಗಾದಿ. ಬೆಡ್‌ಶೀಟಿನ ಮೇಲೆ ಯಾರದೋ ತಲೆಯೆಣ್ಣೆಯ ಗುರುತು. ಬಚ್ಚಲಲ್ಲಿ ಕಮೋಡ್ ಇತ್ತು, ಅದರ ಪಕ್ಕದ ನಲ್ಲಿಯಲ್ಲಿ ನೀರಿರಲಿಲ್ಲ. ಬಿಸಿನೀರು ಬೆಳಿಗ್ಗೆ ಆರರಿಂದ ಎಂಟರವರೆಗೆ ಮಾತ್ರ, ಅದೂ ಕೆಳಗಿನಿಂದ ಬಕೆಟಿನಲ್ಲಿ. ಇದನ್ನೆಲ್ಲ ಸಹಿಸಬಹುದು. ಬಾಗಿಲಿನ ಚಿಲಕ ಮಾತ್ರ ಸಹಿಸುವಂಥದ್ದಾಗಿರಲಿಲ್ಲ. ಒಂದು ಮೊಳೆಯ ಮೇಲೆ ನೇತಾಡುತ್ತಿತ್ತು. ಒಳಗಿನಿಂದ ಹಾಕಿದರೆ ಹೊರಗಿನಿಂದ ಒಂದು ಬೆರಳಿನಿಂದ ತಳ್ಳಿ ತೆರೆಯಬಹುದು.

ನೋಡಿ, ಲಾಡ್ಜುಗಳ ಲೆಕ್ಕ ಹೇಗಿದೆ! ಗಟ್ಟಿ ಚಿಲಕ ಇರುವವರು ಹೆಂಗಸರಿಗೆ ಬಾಗಿಲು ತೆರೆಯುವುದಿಲ್ಲ, ತೆರೆಯುವವರಲ್ಲಿ ಚಿಲಕವೇ ಇಲ್ಲ.

ಮಗ್ರಿಬ್, ಇಶಾ ಸಲ್ಲಿಸಿ, ಕಟ್ಟಿಕೊಂಡು ಹೋಗಿದ್ದ ರೊಟ್ಟಿ ತಿಂದು, ಟೇಬಲನ್ನು ಬಾಗಿಲಿಗೆ ಒತ್ತರಿಸಿ, ಅದರ ಮೇಲೆ ಬ್ಯಾಗುಗಳನ್ನು ಪೇರಿಸಿ ಮಲಗಿದೆವು. ಹನ್ನೊಂದೂವರೆಗೆ ಬಾಗಿಲು ದಬದಬ ಬಡಿಯಿತು. ಯಾರೋ ಗಂಡಸು, ಯಾವುದೋ ಹೆಸರು ಕೂಗುತ್ತಿದ್ದಾನೆ. ತೊದಲು ಮಾತು. ಚಿಲಕ ಬಿಟ್ಟುಕೊಂಡಿತು, ಟೇಬಲ್ ಒಂದು ಗೇಣು ಹಿಂದೆ ಸರಿಯಿತು. ಮಗ ಹಾರಿ ಎದ್ದು ಟೇಬಲಿಗೆ ಬೆನ್ನು ಕೊಟ್ಟು ನಿಂತ. ಅವನ ಕಾಲು ನಡುಗುತ್ತಿದ್ದುದು ನನಗೆ ಬೀದಿ ದೀಪದ ಬೆಳಕಿನಲ್ಲಿ ಕಾಣುತ್ತಿತ್ತು, ಆದರೂ ಅವನು ಅಲ್ಲಿಂದ ಕದಲಲಿಲ್ಲ. ನಾನು ಮಗಳ ಬಾಯಿ ಮುಚ್ಚಿ ಹಿಡಿದಿದ್ದೆ. ಯಾಕೆ ಮುಚ್ಚಿದೆನೋ! ಕೂಗಬೇಕಾದ ಹೊತ್ತಿನಲ್ಲಿ ನಮ್ಮ ಕೈ ತಾನಾಗಿ ಹೆಣ್ಣುಮಕ್ಕಳ ಬಾಯಿಗೆ ಹೋಗುತ್ತದೆ.

ಕೂಗಿದವರು ಪಕ್ಕದ ಕೋಣೆಯವರು. ಬಾಗಿಲು ತೆರೆದು ಹೊರಬಂದ ಹುಡುಗಿಯರ ದನಿ ಕೇಳಿಸಿತು. "ಯಾರ್ರೀ ಅದು? ಯಾವ ನಂಬರ್ ಬೇಕ್ರೀ ನಿಮಗ? ಕೆಳಗ ಫೋನ್ ಹಚ್ಚಲೇನು?" ಮೂವರ ಕೂಗಿಗೆ ಕಾರಿಡಾರಿನ ಉಳಿದ ಬಾಗಿಲುಗಳೂ ತೆರೆದುಕೊಂಡವು. ಮುದುಕರು ಉಸಿರು ಬಿಡುತ್ತ ಮೇಲೆ ಬಂದು ಆ ಕುಡುಕನನ್ನು ಅವನ ಕೋಣೆಗೆ ತಳ್ಳಿಕೊಂಡು ಹೋದರು. ನಂಬರ್ ತಪ್ಪಿ ಬಂದವನಂತೆ.

ಆ ಮೂವರು ಜಮಖಂಡಿ ಕಡೆಯ ಯುವತಿಯರು. ಮರುದಿನ ಭಾನುವಾರ ಏನೋ ನೇಮಕಾತಿ ಪರೀಕ್ಷೆಯಿತ್ತು, ಅದಕ್ಕೇ ಊರಿನ ಲಾಡ್ಜುಗಳೆಲ್ಲ ಅಷ್ಟು ಗಿಜಿಗಿಜಿ. ನಮ್ಮ ಚಿಲಕ ನೋಡಿದ ಅವರಲ್ಲೊಬ್ಬಳು, "ಅಜ್ಜಿನ್ನ ಕರಕೊಂಡು ನಮ್ಮ ರೂಮಿಗೆ ಬರ್ರಿ, ನಮ್ದು ಚಿಲಕ ಛಲೋ ಐತಿ" ಎಂದಳು. ಹೋದೆವು. ಮಗ ತಾನಾಗಿಯೇ ಹೊದಿಕೆ ಎತ್ತಿಕೊಂಡು ಕೆಳಗೆ ಕೌಂಟರಿನ ಬಳಿಯ ಬೆಂಚಿಗೆ ಹೋದ. ಏಳು ಹೆಂಗಸರು ಒಂದು ಕೋಣೆಯಲ್ಲಿ. ಅವರು ನೆಲದ ಮೇಲೆ ಪುಸ್ತಕ ಹರಡಿಕೊಂಡು ಎರಡು ಗಂಟೆಯವರೆಗೆ ಓದಿದರು, ಅಮ್ಮಿ ಅವರ ಮಂಚದ ಮೇಲೆ ಗೊರಕೆ ಹೊಡೆದರು. ನಿದ್ದೆ ಬಾರದ ನಾನು ಒಬ್ಬಳಿಗೆ ಇತಿಹಾಸದ ಪ್ರಶ್ನೆಗಳನ್ನು ಕೇಳುತ್ತ ಕುಳಿತೆ. ಬಹಮನಿಗಳ ನಂತರದ ಐದು ರಾಜ್ಯಗಳು ಯಾವುವು ಎಂದರೆ ಬಿಜಾಪುರ, ಅಹ್ಮದನಗರ, ಗೋಲ್ಕೊಂಡ, ಬೇರಾರ್ ಎಂದು ಹೇಳಿ ನಿಂತಳು. "ಬೀದರ್ ಮರೆತೆಯಲ್ಲ, ನಮ್ಮ ಜಿಲ್ಲೆಯನ್ನೇ!" ಎಂದೆ.

ಮಾತಿನಲ್ಲಿ ಮಾತು ಬಂದು ಆ ಮೊದಲ ಲಾಡ್ಜಿನ ವಿಷಯ ಎತ್ತಿದೆ. "ಅಯ್ಯ, ಅಲ್ಲಿಂದನ ನಮ್ಮನ್ನೂ ಓಡಿಸ್ಯಾರ್ರೀ" ಎಂದರು. ಸೀರೆ, ಚೂಡಿದಾರ್ ಉಟ್ಟು ಹಣೆಗೆ ಕುಂಕುಮವಿಟ್ಟವರನ್ನೂ ಅದೇ ಮಾತು ಹೇಳಿ ಕಳುಹಿಸಿದ್ದರು. ನಾದಿನಿ ನನ್ನ ಮುಖ ನೋಡಿದಳು. ನಮ್ಮ ವಾದ ಅಲ್ಲಿಗೆ ಮುಗಿಯಿತು. ಬುರ್ಖಾದ ಕಾರಣಕ್ಕೆ ಬಾಗಿಲು ಮುಚ್ಚುವವರು ಇಲ್ಲವೆಂದು ನಾನು ಹೇಳುವುದಿಲ್ಲ, ನೀವೂ ಕಂಡಿರುತ್ತೀರಿ. ಆದರೆ ಈ ಬಾಗಿಲು ಮುಚ್ಚಿದ್ದು ಎಲ್ಲ ಹೆಂಗಸರಿಗೆ.

ಬೆಳಿಗ್ಗೆ ಫಜ್ರ್ ಆದೊಡನೆ ತಾಂಗಾ ಹಿಡಿದೆವು. ವಿಜಯಪುರದಲ್ಲಿ ಇನ್ನೂ ಕುದುರೆ ತಾಂಗಾ ಇವೆ. ಮಂಡಿನೋವಿನವರು ಇದ್ದರೆ ಹತ್ತುವುದು ಸ್ವಲ್ಪ ಕಷ್ಟ, ಕುಳಿತ ಮೇಲೆ ಆಟೋಗಿಂತ ಸುಖ. ತಾಂಗಾದ ಚಾಚಾನ ದಖನಿಯೂ ನಮ್ಮ ಬೀದರ್ ಕಡೆಯ ದಖನಿಯೂ ಅಕ್ಕತಂಗಿಯರಂತೆ. ಅವರು ಅಮ್ಮಿಯನ್ನು 'ಅಮ್ಮಾ' ಎಂದೂ ನನ್ನನ್ನು 'ಆಪಾ' ಎಂದೂ ಕರೆದು ಇಡೀ ದಿನ ತಿರುಗಿಸಿದರು.

ಗೋಲ್ ಗುಂಬಜಿಗೆ ಹೋಗುವುದಾದರೆ ಬೆಳಿಗ್ಗೆ ಬೇಗ ಹೋಗಿ. ಡಿಸೆಂಬರಿನಲ್ಲಿ ಶಾಲಾ ಮಕ್ಕಳ ಬಸ್ಸುಗಳು ಬರಲು ಆರಂಭಿಸಿದರೆ ಮೇಲಿನ ಪಿಸುಗುಟ್ಟುವ ಗ್ಯಾಲರಿ ಬರೀ ಕಿರುಚಾಟದ ಗ್ಯಾಲರಿಯಾಗುತ್ತದೆ. ಟಿಕೆಟ್ ಕಿಟಕಿಯಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ಹೀಗಾಗಿ ಮಗಳು ಉಚಿತ, ಮಗನಿಗೆ ಪೂರ್ಣ. ಬಸ್ಸಿನಲ್ಲಿ ದೊಡ್ಡವ, ಪುರಾತತ್ವ ಇಲಾಖೆಗೆ ದೊಡ್ಡವ, ಫಿಕ್ಹ್ ಪುಸ್ತಕದಲ್ಲಿ ದೊಡ್ಡವ, ಲಾಡ್ಜಿನ ಕೌಂಟರಿನಲ್ಲಿ ಮಾತ್ರ ಚಿಕ್ಕವ!

ಇದು ಮುಹಮ್ಮದ್ ಆದಿಲ್ ಶಾಹನ ಸಮಾಧಿ. ಅವನು ಆಳಿದ್ದು 1627ರಿಂದ 1656ರವರೆಗೆ. ದಾಬೋಲಿನ ಯಾಕೂತ್ ಇದರ ಶಿಲ್ಪಿ ಎನ್ನುತ್ತಾರೆ. ಗುಮ್ಮಟದ ಹೊರವ್ಯಾಸ 44 ಮೀಟರ್. ಒಳಗೆ ನಿಂತು ಮೇಲೆ ನೋಡಿದರೆ ಒಂದೇ ಒಂದು ಕಂಬ ಇಲ್ಲ. ನಾಲ್ಕು ಗೋಡೆಗಳಿಂದ ಎದ್ದ ಕಮಾನುಗಳು ಒಂದನ್ನೊಂದು ಹಾಯ್ದು ಆ ಭಾರವನ್ನೆಲ್ಲ ಹೊತ್ತುಕೊಂಡಿವೆ. ನಡುವೆ ಎತ್ತರದ ಕಟ್ಟೆಯ ಮೇಲೆ ರಾಜ, ಅವನ ರಾಣಿಯರು, ಮಗಳು, ಮೊಮ್ಮಗ ಮತ್ತು ರಂಭಾ ಎಂಬ ನರ್ತಕಿಯ ಗೋರಿಗಳು. ನಿಜವಾದ ಸಮಾಧಿಗಳು ನೆಲಮಾಳಿಗೆಯಲ್ಲಿವೆ. ಒಳಗೆ ಹೋದ ಅಮ್ಮಿ ಬಹಳ ಹೊತ್ತು ಮಾತಾಡಲಿಲ್ಲ. ಆಪರೇಷನ್ ಆದ ಕಣ್ಣಿನಿಂದ ಒಮ್ಮೆ, ಆಗದ ಕಣ್ಣಿನಿಂದ ಒಮ್ಮೆ, ಕೈಯಿಂದ ಒಂದೊಂದನ್ನೇ ಮುಚ್ಚಿಕೊಂಡು ಮೇಲೆ ನೋಡಿದರು. "ಪುಸ್ತಕದಲ್ಲಿ ಇದು ಬೆಂಕಿಪೊಟ್ಟಣದಷ್ಟಿತ್ತು" ಎಂದರು.

ಮೂಲೆಯ ಗೋಪುರಗಳಲ್ಲಿ ಏಳು ಅಂತಸ್ತು. ಕಡಿದಾದ, ಸವೆದ ಮೆಟ್ಟಿಲು. ಅಮ್ಮಿ ಕಟ್ಟೆಯ ಬಳಿ ತಸ್ಬೀಹ್ ಹಿಡಿದು ಕುಳಿತರು, ನಾದಿನಿ ಜೊತೆಗಿದ್ದಳು. ನಾನು ಮಕ್ಕಳೊಡನೆ ಮೂರು ಕಡೆ ನಿಂತು ನಿಂತು ಹತ್ತಿದೆ. ಮಗ ಗುಮ್ಮಟದ ಆಚೆ ಬದಿಗೆ ಹೋಗಿ ಗೋಡೆಗೆ ಮುಖವಿಟ್ಟು ಏನೋ ಪಿಸುಗುಟ್ಟಿದ. ಮೂವತ್ತೇಳು ಮೀಟರಿಗೂ ಆಚೆ ಇದ್ದ ತಂಗಿಗೆ ಅದು ಕಿವಿಯಲ್ಲೇ ಹೇಳಿದಂತೆ ಕೇಳಿಸಿತು. ದುಂಡಗಿನ ಗೋಡೆಯ ಗುಂಟ ದನಿ ಜಾರಿಕೊಂಡು ಬರುತ್ತದೆ, ಅಷ್ಟೇ ಅದರ ಗುಟ್ಟು. ಏನು ಹೇಳಿದ ಎಂದು ಕೇಳಿದೆ. "ರಾತ್ರಿ ನನಗೂ ಹೆದರಿಕೆಯಾಗಿತ್ತು ಅಂದ" ಎಂದಳು. ಎದುರಿಗೆ ನಿಂತು ಹೇಳಲಾಗದ್ದನ್ನು ಹೇಳಲು ಅವನಿಗೆ ಇಷ್ಟು ದೊಡ್ಡ ಗುಮ್ಮಟ ಬೇಕಾಯಿತು. ಆಮೇಲೆ ಮಗಳು ಕಂಬಿಯ ಬಳಿ ನಿಂತು "ನಾನೀ" ಎಂದು ಕೂಗಿದಳು. ಆ ಕೂಗು ಏಳೆಂಟು ಸಲ ಸುತ್ತಿ ಸುತ್ತಿ ಕೆಳಗೆ ಇಳಿಯಿತು. ನಾವು ಇಳಿದು ಬಂದಾಗ ಅಮ್ಮಿ, "ಮನೆಯಲ್ಲಿ ನಾನು ಏಳು ಸಲ ಕರೆದರೂ ನೀವು ಒಂದು ಸಲ ಓಗೊಡುವುದಿಲ್ಲ. ಇಲ್ಲಿ ನೋಡಿ, ಒಂದು ಸಲ ಕರೆದರೆ ಏಳು ಸಲ" ಎಂದು ನಕ್ಕರು.

ಜಾಮಿಯಾ ಮಸೀದಿ ಅಲಿ ಆದಿಲ್ ಶಾಹನ ಕಾಲದ್ದು. 1565ರ ತಾಳಿಕೋಟೆ ಯುದ್ಧದ ನಂತರ ಕೈಗೆತ್ತಿಕೊಂಡದ್ದು. ನೆಲದ ಮೇಲೆ ಒಬ್ಬೊಬ್ಬರಿಗೆ ಒಂದೊಂದರಂತೆ 2,250 ಮುಸಲ್ಲಾಗಳ ಗೆರೆ ಎಳೆದಿದ್ದಾರೆ, ಅದು ಔರಂಗಝೇಬ್ ಊರನ್ನು ಗೆದ್ದ 1686ರ ನಂತರ ಆದ ಕೆಲಸವಂತೆ. ಬದಿಯ ಕಮಾನಿನ ಸಾಲಿನಲ್ಲಿ ನಾವು ಮೂವರು ಎರಡು ರಕಅತ್ ನಫಿಲ್ ಸಲ್ಲಿಸಿದೆವು, ಯಾರೂ ಏನೂ ಅನ್ನಲಿಲ್ಲ. ಆದರೆ ಅಸರ್ ಮಹಲಿನಲ್ಲಿ ಹಾಗಾಗಲಿಲ್ಲ. 1646ರ ಸುಮಾರಿಗೆ ನ್ಯಾಯಸಭೆಗೆಂದು ಕಟ್ಟಿದ ಕಟ್ಟಡ ಅದು. ಪ್ರವಾದಿಯವರ(ಸ) ಪವಿತ್ರ ಕೇಶ ಅಲ್ಲಿದೆ ಎಂದು ನಂಬುತ್ತಾರೆ, ಒಳಗೆ ಹೆಂಗಸರಿಗೆ ಪ್ರವೇಶವಿಲ್ಲ. ಮಗ ಹೋಗಿ ಬಂದ. ನಾವು ಎದುರಿನ ಕೊಳದ ಬಳಿ ಕುಳಿತೆವು. ಮಗಳು ನನ್ನ ಮುಖ ನೋಡಿದಳು. ರಾತ್ರಿ ಕೊಟ್ಟ ಉತ್ತರ ಇಲ್ಲಿಗೆ ಹೊಂದುವುದಿಲ್ಲವಲ್ಲ! ಇದು ಶರೀಅತ್ತಿನ ಹುಕುಮ್ ಅಲ್ಲ, ಇಲ್ಲಿನ ಪದ್ಧತಿ ಎಂದು ಅವಳಿಗೆ ಸ್ಪಷ್ಟವಾಗಿಯೇ ಹೇಳಿದೆ. ಮಸ್ಜಿದುಲ್ ಹರಾಮ್ ಮತ್ತು ಮಸ್ಜಿದುನ್ನಬವಿಯಲ್ಲಿ ಹೆಂಗಸರು ನಮಾಝ್ ಸಲ್ಲಿಸುತ್ತಾರೆ ಎಂಬುದು ಅವಳಿಗೂ ಗೊತ್ತು.

ಚಾಂದ್ ಬೀಬಿಯ ಕಥೆಯನ್ನು ಅವಳಿಗೆ ಹೇಳಿದ್ದು ಆ ಕೊಳದ ಬಳಿಯೇ. ಅಲಿ ಆದಿಲ್ ಶಾಹ್ 1580ರಲ್ಲಿ ತೀರಿಕೊಂಡಾಗ ಅವನ ತಮ್ಮನ ಮಗ ಇಬ್ರಾಹೀಮನಿಗೆ ಒಂಬತ್ತು ವರ್ಷ. ವಿಧವೆಯಾದ ಚಾಂದ್ ಬೀಬಿ ಆ ಹುಡುಗನ ಹೆಸರಿನಲ್ಲಿ ರಾಜ್ಯ ನೋಡಿಕೊಂಡಳು. ಮುಂದೆ ತವರಾದ ಅಹ್ಮದನಗರದ ಕೋಟೆಯನ್ನು 1595–96ರಲ್ಲಿ ಅಕ್ಬರನ ಸೈನ್ಯದೆದುರು ಕಾಯ್ದದ್ದೂ ಅವಳೇ. ಒಂಬತ್ತರ ಹುಡುಗ ಮತ್ತು ಒಬ್ಬ ವಿಧವೆ ಸೇರಿ ಈ ಊರಿನಿಂದ ರಾಜ್ಯವನ್ನೇ ನಡೆಸಿದರು, ಹದಿನಾರರ ಹುಡುಗ ಮತ್ತು ಅವನ ತಾಯಿಗೆ ಅದೇ ಊರಿನಲ್ಲಿ ಒಂದು ಕೋಣೆ ಸಿಗಲಿಲ್ಲ ಎಂದೆ. ಮಗಳು ಮೊದಲ ಬಾರಿಗೆ ನಕ್ಕಳು.

ಮಲಿಕ್-ಎ-ಮೈದಾನ್ ತೋಪಿನ ಮೇಲೆ ಗಂಡು ಮಕ್ಕಳಿಗೇ ಹೆಚ್ಚು ಪ್ರೀತಿ. 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದದ್ದು, ತೂಕ 55 ಟನ್. ಬಾಯಿಗೆ ಆನೆಯನ್ನು ಅಗಿಯುವ ಸಿಂಹದ ಮುಖ. 1854ರಲ್ಲಿ ಇದನ್ನು ಹಳೆಯ ಲೋಹವೆಂದು ಹರಾಜಿಗೆ ಇಟ್ಟಾಗ ಬಂದ ಹೆಚ್ಚಿನ ಸವಾಲು 150 ರೂಪಾಯಿಯಂತೆ. ಅಷ್ಟು ಕಡಿಮೆಯೆಂದು ಮಾರಾಟ ನಿಲ್ಲಿಸಿದರು, ತೋಪು ಉಳಿಯಿತು. ನಮ್ಮ ರಾತ್ರಿಯ ಕೋಣೆ ಇದಕ್ಕಿಂತ ಎಂಟು ಪಟ್ಟು ದುಬಾರಿ ಎಂದು ನಾದಿನಿ ಲೆಕ್ಕ ಹಾಕಿದಳು. ಚಾಚಾ ಸಾಠ್ ಕಬರಿಗೂ ಕರೆದುಕೊಂಡು ಹೋಗುತ್ತೇನೆ ಎಂದರು. ಯುದ್ಧಕ್ಕೆ ಹೊರಡುವ ಮೊದಲು ಅಫ್ಝಲ್ ಖಾನ್ ತನ್ನ ಹೆಂಡಂದಿರನ್ನು ಕೊಂದು ಹೂಳಿಸಿದ ಜಾಗ ಎಂದು ಜನ ಕಥೆ ಹೇಳುತ್ತಾರೆ. "ಬೇಡಪ್ಪಾ, ಅಂಥದ್ದನ್ನು ನೋಡಲಿಕ್ಕೆ ಬಂದಿಲ್ಲ" ಎಂದರು ಅಮ್ಮಿ.

ಊಟ ಒಂದು ಖಾನಾವಳಿಯಲ್ಲಿ. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು. ಮಾಂಸದ ಹೋಟೆಲುಗಳಲ್ಲಿ ಹಲಾಲ್ ಹೌದೋ ಅಲ್ಲವೋ ಎಂದು ಕೇಳುತ್ತ ಅಲೆಯುವುದಕ್ಕಿಂತ ಇದು ಒಳ್ಳೆಯದು. ಶೌಚಾಲಯದ ವಿಷಯದಲ್ಲಿ ಒಂದು ಮಾತು: ಟಿಕೆಟ್ ಇರುವ ಸ್ಮಾರಕಗಳಲ್ಲಿ ಸಿಕ್ಕಿದಾಗಲೇ ಹೋಗಿಬಿಡಿ. ನಮ್ಮವರು ದಿನವಿಡೀ ನೀರು ಕುಡಿಯದೆ ತಡೆದುಕೊಂಡು ರಾತ್ರಿ ತಲೆನೋವೆಂದು ಮಲಗುತ್ತಾರೆ.

ತಾಜ್ ಬಾವಡಿಯ ಬಳಿ ನಾನು ಎಲ್ಲರಿಗಿಂತ ಹೆಚ್ಚು ಹೊತ್ತು ನಿಂತೆ. 1620ರಲ್ಲಿ ಇಬ್ರಾಹೀಮ್ ಆದಿಲ್ ಶಾಹನ ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ ಕಟ್ಟಿದ ಚೌಕದ ಬಾವಿ. ದೊಡ್ಡ ಕಮಾನು, ಕೆಳಗೆ ಹಸಿರು ನೀರು. ಅದರ ಪೂರ್ವ, ಪಶ್ಚಿಮದ ಎರಡು ರೆಕ್ಕೆಗಳು ಪ್ರಯಾಣಿಕರ ವಿಶ್ರಾಂತಿಗೆಂದು ಕಟ್ಟಿದವು. ಅಂದರೆ ಸರಾಯಿ. ದೂರದಿಂದ ಬಂದವನು ನಗರದ ಪಶ್ಚಿಮ ಬಾಗಿಲು ದಾಟಿದೊಡನೆ ಮೊದಲು ನೀರು, ಪಕ್ಕದಲ್ಲೇ ನೆರಳು. ಇತಿಹಾಸದ ಪರೀಕ್ಷೆಗೆ ರಾಜರ ಯುದ್ಧಗಳನ್ನು ಉರು ಹೊಡೆದ ನನಗೆ ಈ ಕೋಣೆಗಳ ಸಾಲು ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ. ಹಿಂದಿನ ರಾತ್ರಿ ಬೀದಿಯಲ್ಲಿ ನಿಂತಿದ್ದ ಕಾರಣಕ್ಕೇ ಅದು ಕಣ್ಣಿಗೆ ಬಿತ್ತೇನೋ. ಯಾತ್ರಿಕನಿಗೆ ಝಕಾತಿನ ಎಂಟು ಹಕ್ಕುದಾರರಲ್ಲಿ ಒಂದು ಸ್ಥಾನ ಇದೆ ಎಂದು ಪ್ರತಿ ವರ್ಷ ಮಕ್ಕಳಿಗೆ ಪಾಠ ಮಾಡುತ್ತೇನೆ. 'ಇಬ್ನುಸ್ಸಬೀಲ್' ಎಂದು ಬೋರ್ಡಿನ ಮೇಲೆ ಬರೆಯುವಾಗ ಇನ್ನು ಮುಂದೆ ನನಗೆ ನೆನಪಾಗುವುದು ಒಂಟೆಯ ಮೇಲಿನ ಅರಬನಲ್ಲ, ಬ್ಯಾಗಿನ ಮೇಲೆ ಕುಳಿತ ಅಮ್ಮಿ.

ಕೊನೆಗೆ ಇಬ್ರಾಹೀಮ್ ರೌಝಾ. ಒಂದೇ ಕಟ್ಟೆಯ ಮೇಲೆ ಎದುರುಬದುರಾಗಿ ಸಮಾಧಿ ಮತ್ತು ಮಸೀದಿ, ಮಲಿಕ್ ಸಂದಲನ ಕೆಲಸ. ಗೋಲ್ ಗುಂಬಜ್ ಗಾತ್ರದಿಂದ ಬೆರಗು ಹುಟ್ಟಿಸಿದರೆ ಇದು ಕೆತ್ತನೆಯಿಂದ. ನನ್ನನ್ನು ಕೇಳಿದರೆ ಇದೇ ಚೆಲುವು. ಸಮಾಧಿ ಕೋಣೆಯ ಕಿಟಕಿಗಳ ಜಾಲರಿಯನ್ನು ನೋಡಿ ನಾನು ಮೊದಲು ಬಳ್ಳಿ ಎಂದುಕೊಂಡೆ. ಹತ್ತಿರ ಹೋದರೆ ಅಕ್ಷರ! ಕಲ್ಲನ್ನು ತೂತು ಕೊರೆದು ಅರಬಿ ಬರೆದಿದ್ದಾರೆ, ಬೆಳಕು ಅಕ್ಷರಗಳ ನಡುವಿನಿಂದಲೇ ಒಳಗೆ ಬರುತ್ತದೆ. ಪಕ್ಕದಲ್ಲಿ ಗೈಡ್ ಒಬ್ಬ ತನ್ನ ತಂಡಕ್ಕೆ ಅದನ್ನು 'ಹೂವಿನ ಡಿಸೈನ್' ಎಂದು ವಿವರಿಸುತ್ತಿದ್ದ. ನಾನು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಮಕ್ಕಳಿಗೆ ಓದಿ ಹೇಳತೊಡಗಿದೆ. ಬೆಂಗಳೂರಿನ ಕಡೆಯ ಇಬ್ಬರು ಹೆಂಗಸರು ಗೈಡನನ್ನು ಬಿಟ್ಟು ನನ್ನ ಹಿಂದೆ ಬಂದು ನಿಂತರು. "ಇದನ್ನೆಲ್ಲ ನೀವು ಓದಬಲ್ಲಿರಾ?" ಎಂದರು. ಮದ್ರಸದಲ್ಲಿ ಕಲಿತದ್ದು ಎಂದೆ. ಮದ್ರಸದಲ್ಲಿ ಹೆಣ್ಣುಮಕ್ಕಳೂ ಓದುತ್ತಾರೆಯೇ ಎಂದು ಅವರಿಗೆ ಆಶ್ಚರ್ಯ. ಅರ್ಧ ಗಂಟೆ ಅವರೊಂದಿಗೆ ಕಳೆಯಿತು.

ನಾಲ್ಕು ಗಂಟೆಗೆ ಲಾಡ್ಜಿಗೆ ಬಂದರೆ ಮುದುಕರಿರಲಿಲ್ಲ, ಒಬ್ಬ ಯುವಕ ಕುಳಿತಿದ್ದ. ಬ್ಯಾಗ್ ಎತ್ತಿಕೊಳ್ಳುವಾಗ, "ಇನ್ನೊಂದು ದಿನದ ಬಾಡಿಗೆ ಆಗುತ್ತದೆ. ಚೆಕ್‌ಔಟ್ ಹನ್ನೆರಡಕ್ಕೆ" ಎಂದ. ನಾವು ಬಂದದ್ದು ರಾತ್ರಿ ಒಂಬತ್ತೂವರೆಗೆ. ನಾದಿನಿ ಪರ್ಸಿಗೆ ಕೈ ಹಾಕಿದಳು. ನಾನು ರಸೀದಿ ಹೊರತೆಗೆದೆ. ಹಿಂದಿನ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಕನ್ನಡದಲ್ಲಿಯೇ ಇತ್ತು: 24 ಗಂಟೆಯ ಲೆಕ್ಕ. ಗಟ್ಟಿಯಾಗಿ ಓದಿದೆ. ಅದು ಹಳೆಯ ರಸೀದಿ ಪುಸ್ತಕ ಎಂದ. ಹಳೆಯದಾದರೆ ನಿಮ್ಮ ಮುದ್ರೆ, ನಿನ್ನೆಯ ತಾರೀಖು ಯಾಕಿದೆ ಎಂದೆ. ಮಗ ಮೆಲ್ಲಗೆ, ಚಿಲಕದ ಫೋಟೊ ನನ್ನ ಫೋನಿನಲ್ಲಿದೆ ಎಂದ. ಆತ ಮುಖ ಆಚೆ ತಿರುಗಿಸಿ ಕೈಬೀಸಿದ. ರಸೀದಿ ಓದುವ ಅಭ್ಯಾಸ ನಮ್ಮ ಹೆಂಗಸರಿಗೆ ಇಲ್ಲವೆಂದು ಈ ಅಂಗಡಿಗಳವರಿಗೆ ಗೊತ್ತು.

ಹೊರಡುವ ಮೊದಲು ಅಮ್ಮಿ ಮತ್ತೆ ಎರಡನೆಯ ಅಂತಸ್ತಿಗೆ ಹತ್ತಿದರು. ಪರೀಕ್ಷೆ ಮುಗಿಸಿ ಬಂದಿದ್ದ ಹುಡುಗಿಯರಿಗೆ ನಮ್ಮ ಉಳಿದ ಖರ್ಜೂರದ ಪೊಟ್ಟಣ ಕೊಟ್ಟು ಬಂದರು. ಬೀದರ್ ಪ್ರಶ್ನೆ ಬಂದಿತ್ತೇ ಎಂದು ನಾನು ಕೆಳಗಿನಿಂದ ಕೂಗಿ ಕೇಳಿದೆ. "ಇಲ್ಲರೀ ಮಿಸ್, ತಾಳಿಕೋಟಿ ಬಂದಿತ್ತು" ಎಂದಳು.

ಅಲ್‌ಹಮ್ದುಲಿಲ್ಲಾಹ್, ಜನವರಿಯಲ್ಲಿ ಅಮ್ಮಿಯ ಎರಡನೆಯ ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತು. ಈಗ ಅವರಿಗೆ ಬಾದಾಮಿ ನೋಡಬೇಕಂತೆ. ಅದೂ ಯಾವುದೋ ಪುಸ್ತಕದಲ್ಲಿ ಇತ್ತಂತೆ. ಆ ಕಡೆಯ ಓದುಗ ಸಹೋದರಿಯರು ಯಾರಾದರೂ ಇದ್ದರೆ ಪತ್ರಿಕೆಗೆ ಒಂದು ಕಾಗದ ಬರೆಯಿರಿ: ನೆಲ ಅಂತಸ್ತಿನ ಕೋಣೆ ಎಲ್ಲಿ ಸಿಗುತ್ತದೆ, ಭಾರತೀಯ ಶೌಚಾಲಯ ಇದೆಯೇ, ಚಿಲಕ ಗಟ್ಟಿಯಾಗಿದೆಯೇ. ಜೊತೆಗೆ ಬರುವ ಗಂಡಸಿಗೆ ಇನ್ನೂ ಹದಿನೆಂಟು ಆಗಿಲ್ಲ ಎಂಬುದನ್ನೂ ಅಲ್ಲಿ ಮೊದಲೇ ಹೇಳಿ ಕೇಳಿರಿ.